ಬೆಂಕಿಯ ಬಂಡಿಗೆ ನೀರಿನ ಊಳಿಗ

ಮೋಟಾರು ಬಂಡಿ ಬೆಂಕಿಯಿಂದ ಓಡುತ್ತದೆ, ನೀರಿನಿಂದ ಬದುಕುತ್ತದೆ. ಸಿಲಿಂಡರಿನೊಳಗೆ ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಒದಗುವುದು ಸ್ವಲ್ಪ ಪಾಲು ಮಾತ್ರ. ಉಳಿದುದರಲ್ಲಿ ಒಂದು ಪಾಲು ಹೊಗೆಯೊಡನೆ ಹೋಗುತ್ತದೆ. ಇನ್ನೊಂದು ಪಾಲನ್ನು ಹೊರಸಾಗಿಸದಿದ್ದರೆ ಎಂಜಿನ್ನೇ ಸೀಜ್ ಆಗಿ ನಿಲ್ಲುತ್ತದೆ. ಆ ಹೊರೆಯನ್ನು ಹೊರುವುದು ನೀರು. ನೀರನ್ನು ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಬಿಡುವಿಲ್ಲದೆ ಸುತ್ತಿಸುವುದು ವಾಟರ್ ಪಂಪು. ಈ ಊಳಿಗದವನನ್ನು, ಅವನು ಕೆಲಸ ನಿಲ್ಲಿಸುವ ದಿನದವರೆಗೂ ಯಾರೂ ನೆನೆಯುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ಅಂಬಾಸಿಡರ್ ಕಾರಿದೆ. ಇಷ್ಟಕ್ಕೇ ನಮ್ಮನ್ನು ಸಿರಿವಂತರೆಂದು ವಾಚಕರು ತಿಳಿಯಬಾರದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲೇ ನಿಂತಿತು. ನಮ್ಮದು ಹಲವರ ಕೈ ದಾಟಿ ಬಂದದ್ದು. ಮದುವೆ, ಜಾತ್ರೆಗಳ ಬಾಡಿಗೆಯಿಂದ ನಾಲ್ವರ ಅನ್ನ ಸಂಪಾದಿಸುವ ಮನೆಯ ಐದನೆಯ ಜೀವ. ಹೋದ ಮಾಘ ಮಾಸದಲ್ಲಿ ಅದು ನೀರು ಸೋರತೊಡಗಿತು. ಮರುದಿನ ಬೆಳಗ್ಗೆ ಮದುವೆಯ ಬಾಡಿಗೆ. ಅದರ ಮುಂಗಡವನ್ನು ಅಪ್ಪ ನನ್ನ ಪರೀಕ್ಷಾ ಶುಲ್ಕಕ್ಕೆಂದು ತೆಗೆದಿಟ್ಟಿದ್ದರು. ಬಾಡಿಗೆ ತಪ್ಪಿದರೆ ಹಿಂದಿರುಗಿಸಬೇಕು. ಗ್ಯಾರೇಜಿನವರಿಗೆ ಎರಡು ದಿನ ಬಿಡುವಿರಲಿಲ್ಲ.

ಪಂಪಿನ ಶಾಫ್ಟಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಸವೆದಾಗ ನೀರು ಅಲ್ಲಿಂದ ತೊಟ್ಟಿಕ್ಕಿ ಸುದ್ದಿ ಮುಟ್ಟಿಸುತ್ತದೆ. ಅದಕ್ಕೆ ಸಾಬೂನು ಮೆತ್ತಿದರೆ ನಾಳೆಯ ಮಟ್ಟಿಗೆ ನಡೆದೀತೆಂದು ನೆರೆಯವರೊಬ್ಬರು ಉಪಾಯ ಹೇಳಿದರು. ಅಪ್ಪ ಒಪ್ಪಲಿಲ್ಲ.

"ತೂತು ಮುಚ್ಚುದ್ರೆ ನೀರು ಬೇರಿಂಗಿಗೆ ನುಗ್ತದೆ ಕಣಪ್ಪ. ಬೇರಿಂಗ್ ಹೋದ್ರೆ ಫ್ಯಾನು ರೇಡಿಯೇಟರಿಗೆ ಹೊಡೀತದೆ. ಇನ್ನೊಬ್ಬರ ಮದುವೇಲಿ ಆಟ ಆಡಬಾರದು" ಎಂದರು. ಈ ಎಂಜಿನ್ನಿನಲ್ಲಿ ಫ್ಯಾನು ಪಂಪಿನ ಶಾಫ್ಟಿಗೇ ಕೂಡಿಕೊಂಡಿದೆ. ಅಂಗಡಿಯಲ್ಲಿ ಸಾಲ ಹೇಳಿ ಹೊಸ ಪಂಪು ತಂದರು.

ಅಪ್ಪ ಓದಿದ್ದು ಐದನೆಯ ತರಗತಿ. "ನೀನು ಮಸಿ ಮುಟ್ಟಬೇಡ, ಓದ್ಕೊ ಹೋಗು" ಎಂಬುದು ನನಗೆ ಅವರ ಹಳೆಯ ಕಟ್ಟಪ್ಪಣೆ. ಆ ಸಂಜೆ ಬೆಳಕು ಹಿಡಿಯಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ನನಗೆ ಪ್ರವೇಶ ದೊರೆಯಿತು. ಎಂಜಿನ್ ತಣ್ಣಗಾಗುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟಗೊಡಲಿಲ್ಲ. ಒತ್ತಡದಲ್ಲಿರುವ ಬಿಸಿನೀರು ಮುಖಕ್ಕೆ ಹಾರುತ್ತದೆ. ಬಳಿಕ ನೀರನ್ನು ಬಕೆಟ್ಟಿಗೆ ಇಳಿಸಿದರು. ಬೆಲ್ಟು, ಫ್ಯಾನು, ಪುಲ್ಲಿ, ಹೋಸು, ಕೊನೆಗೆ ಪಂಪು, ಹೀಗೆ ಬಿಚ್ಚಿದ ಕ್ರಮದಲ್ಲೇ ಗೋಣಿಯ ಮೇಲೆ ಸಾಲಾಗಿ ಇಟ್ಟರು. ಹಳೆಯ ಪ್ಯಾಕಿಂಗನ್ನು ಎಂಜಿನ್ನಿನ ಮೈಯಿಂದ ಹೆರೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. "ಒಂದು ಚೂರು ಉಳಿದ್ರೂ ಹೊಳೇಲಿ ಹುಣಿಸೆಹಣ್ಣು ತೊಳೆದಂಗೆ" ಎಂದರು.

ಹೊಸ ಪಂಪಿನ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಚೀಟಿಯೊಂದಿತ್ತು. ಓದಿ ಹೇಳೆಂದರು. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕೆಂದು ಅದರಲ್ಲಿತ್ತು. ನಾನು ಕನ್ನಡದಲ್ಲಿ ಹೇಳಿ ತಲೆಯೆತ್ತುವಷ್ಟರಲ್ಲಿ ಅವರ ಪಾನಾ ಆಗಲೇ ಹಾಗೆ ನಡೆಯುತ್ತಿತ್ತು.

"ಹಂಗಾದ್ರೆ ಅವರಿಗೂ ಗೊತ್ತು" ಎಂದು ನಕ್ಕರು.

ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲ ಬಾಗುವಷ್ಟು ಬೆಲ್ಟನ್ನು ಬಿಗಿದು, ನೀರು ತುಂಬಿ, ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುವವರೆಗೆ ಎಂಜಿನ್ ಓಡಿಸಿದರು. ರಾತ್ರಿ ಕಾರಿನಡಿಯಲ್ಲಿ ಹಳೆಯ ಪತ್ರಿಕೆ ಹಾಸಿಟ್ಟರು. ಬೆಳಗ್ಗೆ ಅದು ಒಣಗಿಯೇ ಇತ್ತು. ದಿಬ್ಬಣ ಹೊರಟಿತು, ನನ್ನ ಶುಲ್ಕವೂ ಸಂದಾಯವಾಯಿತು.

ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು ಅನುಮಾನವೆಂದು ತರ್ಕಶಾಸ್ತ್ರದಲ್ಲಿ ಓದುತ್ತೇವೆ. ಒಂದು ತೊಟ್ಟು ನೀರಿನಿಂದ ಸವೆದ ಸೀಲನ್ನೂ, ಮುಂದೆ ಒದಗಬಹುದಾದ ಅಪಘಾತವನ್ನೂ ಕಾಣುವುದು ಅದಲ್ಲದೆ ಮತ್ತೇನು? ಕಾಲೇಜಿನ ಅರ್ಜಿಗಳಲ್ಲಿ 'ತಂದೆಯ ವಿದ್ಯಾರ್ಹತೆ' ಎಂಬಲ್ಲಿ ಮೂರು ವರ್ಷವೂ 'ಐದನೆಯ ತರಗತಿ' ಎಂದು ಬರೆದಿದ್ದೇನೆ. ಬರೆದದ್ದು ಸುಳ್ಳಲ್ಲ, ಕೊಟ್ಟ ಜಾಗ ಕಿರಿದು.

ನಾನು ಮಸಿಗೆ ಮರಳಬಾರದೆಂಬುದು ಅಪ್ಪನ ಆಸೆ. ಅದನ್ನು ನೆರವೇರಿಸುವ ಹಂಬಲ ನನಗೂ ಇದೆ. ಆದರೆ ಮಿತ್ರರೇ, ನಾನು ಪದವೀಧರನಾದೆನೆಂಬ ಕಾರಣಕ್ಕೆ ಈ ವಿದ್ಯೆ ನಮ್ಮ ಮನೆಯಲ್ಲಿ ಅವರೊಂದಿಗೇ ಮುಗಿಯಬೇಕೇ? ಮುಂದಿನ ಸಲ ಪಾನಾ ನನ್ನ ಕೈಗೆ ಕೊಡಿರೆಂದು ಕೇಳಿದ್ದೇನೆ. ಪರೀಕ್ಷೆ ಮುಗಿಯಲಿ, ನೋಡೋಣ ಎಂದಿದ್ದಾರೆ.