ಒಂದೇ ಗೇರು, ಎರಡು ಚಕ್ರ, ಒಂದು ಮಣಿಕಟ್ಟು

ಸೈಕಲ್ ಜೊತೆ ಲಿಫ್ಟಿನಲ್ಲಿ ನಿಂತರೆ ಯಾರಾದರೂ ಕೇಳೇ ಕೇಳ್ತಾರೆ, “ಎಷ್ಟು ಗೇರ್ ಇದು?” ಒಂದು ಅಂತೀನಿ. ಅವರ ಮುಖದಲ್ಲಿ ಸಣ್ಣ ಕನಿಕರ. ಪಾಪ, ಇಎಂಐ ಜಾಸ್ತಿ ಇರಬೇಕು!

ಒಂದೇ ಗೇರಿನ ಮೌಂಟನ್ ಬೈಕ್ ಯಾಕೆ ಅಂತ ವಿವರಿಸೋಕೆ ಹನ್ನೊಂದು ಮಹಡಿ ಸಾಲದು. ಆದರೆ ಅದರ ಕಷ್ಟ ಒಂದೇ ವಾಕ್ಯದಲ್ಲಿ ಹೇಳಬಹುದು. ಗೇರ್ ಇದ್ದವರು ತೀರ್ಮಾನವನ್ನು ಏರು ಬಂದಾಗ ಮಾಡಿದರೆ ಸಾಕು, ನಮ್ಮಂಥವರು ಮನೆಯಲ್ಲೇ ಮಾಡಿಕೊಂಡು ಹೊರಡಬೇಕು. ಯಾವ ಚಕ್ರ, ಯಾವ ಫೋರ್ಕ್, ಹಿಂದೆ ಎಷ್ಟು ಹಲ್ಲು ಅನ್ನೋದನ್ನೆಲ್ಲ ದಾರಿಯ ಅತಿ ಕೆಟ್ಟ ಏರನ್ನೂ ಅತಿ ಕೆಟ್ಟ ಕಲ್ಲನ್ನೂ ನೆನೆಸಿಕೊಂಡೇ ಆರಿಸಬೇಕು.

ನನ್ನ ಲೆಕ್ಕದಲ್ಲಿ ಇನ್ನೂ ಒಂದು ಬಾಬ್ತಿತ್ತು. ಎರಡು ವರ್ಷದ ಹಿಂದೆ ಮುರಿದು ಕೂಡಿಕೊಂಡ ಬಲಗೈ ಮಣಿಕಟ್ಟು. ದಿನಕ್ಕೆ ಒಂಬತ್ತು ಗಂಟೆ ಕೀಬೋರ್ಡ್ ಕುಟ್ಟಿ ಅನ್ನ ತಿನ್ನುವವಳು ನಾನು. ಆ ಕೈ ಕೈಕೊಟ್ಟರೆ ಭಾನುವಾರದ ಸವಾರಿ ಹೋಗೋದು ಹಾಗಿರಲಿ, ಸೋಮವಾರದ ಕೆಲಸಾನೂ ಹೋಗುತ್ತೆ.

ಈ ಸ್ಥಿತಿಯಲ್ಲಿ ಒಂದು ಸ್ಟೀಲ್ ಫ್ರೇಮ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಚಕ್ರ ಇಲ್ಲ, ಫೋರ್ಕ್ ಇಲ್ಲ, ಬರೀ ಅಸ್ಥಿಪಂಜರ. 29 ಇಂಚಿನ ಚಕ್ರವೂ ಹಿಡಿಸುತ್ತೆ, 27.5 ಇಂಚಿನ ದಪ್ಪ ಟೈರೂ ಹಿಡಿಸುತ್ತೆ.

ಈ ಇಂಚುಗಳನ್ನ ಮಾತ್ರ ನಂಬಬೇಡಿ. ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ ಎಷ್ಟು ಅನ್ನೋದೇ ನಿಜವಾದ ಅಳತೆ. 26 ಇಂಚು ಅಂದರೆ 559 ಮಿಲಿಮೀಟರ್, 27.5 ಅಂದರೆ 584, 29 ಅಂದರೆ 622. ನಮ್ಮ ಅಪ್ಪಂದಿರು ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಿಸುತ್ತಿದ್ದ ಕಪ್ಪು ಸೈಕಲ್ಲಿನ 28 ಇಂಚಿನ ರಿಮ್ಮು 635! ದೊಡ್ಡ ಚಕ್ರ ಹೊಸ ಆವಿಷ್ಕಾರ ಅಂತ ಯಾರಾದರೂ ಅಂದರೆ ಊರಲ್ಲಿ ಕೊಟ್ಟಿಗೆ ಗೋಡೆಗೆ ಒರಗಿಸಿಟ್ಟ ಆ ಸೈಕಲ್ ತೋರಿಸಿ.

ದೊಡ್ಡ ಚಕ್ರ ಕಲ್ಲಿಗೆ ಕಡಿಮೆ ಕೋನದಲ್ಲಿ ತಾಗುತ್ತೆ, ಹತ್ತಿ ದಾಟುತ್ತೆ. ಸಣ್ಣ ಚಕ್ರ ಅದೇ ಕಲ್ಲಿಗೆ ಡಿಕ್ಕಿ ಹೊಡೆಯುತ್ತೆ. ಆದರೆ ಇದು ಪುಕ್ಕಟೆ ಲಾಭ ಅಲ್ಲ. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತೆ, ಅಂದರೆ ಅದೇ ಹಲ್ಲುಗಳು ಕಾಲಿಗೆ ಹೆಚ್ಚು ಭಾರ. ನನ್ನ ಹಳೆಯ 26 ಇಂಚಿನ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 18 ಹಲ್ಲಿತ್ತು. 29ಕ್ಕೆ ಬಂದಾಗ ಹಿಂದೆ 20 ಹಾಕಿದ ಮೇಲೇ ಮೊಣಕಾಲು ಅದೇ ಹಳೇ ಲೆಕ್ಕ ಅಂತ ಒಪ್ಪಿಕೊಂಡಿದ್ದು. ಕ್ಯಾಲ್ಕುಲೇಟರ್‌ನಲ್ಲೂ ಅದೇ ಬರುತ್ತೆ. 32 ಭಾಗಿಸು 18 ಗುಣಿಸು 26 ಅಂದರೆ 46.2. 32 ಭಾಗಿಸು 20 ಗುಣಿಸು 29 ಅಂದರೆ 46.4.

ಆಮೇಲೆ ಕಡ್ಡಿಗಳ ಪ್ರಶ್ನೆ. ತೂಕ ಕಡಿಮೆ ಅಂತ 28 ಕಡ್ಡಿಯ ಚಕ್ರಕ್ಕೆ ನನ್ನ ಮನಸ್ಸು ವಾಲಿತ್ತು. ಚಕ್ರ ಕಟ್ಟಿಕೊಡುವ ಅಂಗಡಿಯ ಅಣ್ಣ ತಲೆ ಎತ್ತದೇ ಹೇಳಿದರು, “32 ಹಾಕಿಸ್ಕೊಳಿ ಮೇಡಂ. ಒಂದ್ ಕಡ್ಡಿ ಹೋದ್ರೂ ಮನೆ ಸೇರ್ಕೋಬೋದು. ಹಳ್ಳೀಲಿ ಔಟ್ ತೆಗೆಯೋನು ಸಿಗ್ತಾನೆ, ಕಾರ್ಬನ್ ರಿಮ್ ಅಂಟಿಸೋನು ಸಿಗಲ್ಲ.”

ಒಂದೇ ಗೇರಿನ ಒಂದು ಗುಟ್ಟನ್ನೂ ಅವರೇ ಹೇಳಿಕೊಟ್ಟರು. ಗೇರ್ ಸೈಕಲ್ಲಿನ ಹಿಂದಿನ ಹಬ್‌ನಲ್ಲಿ ಹತ್ತು ಹನ್ನೆರಡು ಹಲ್ಲುಚಕ್ರಗಳು ಬಲಗಡೆ ಜಾಗ ತಿಂದುಬಿಡುತ್ತವೆ. ಬಲದ ಕಡ್ಡಿಗಳು ನೆಟ್ಟಗೆ ನಿಂತು ಬಿಗಿಯಾಗಿರುತ್ತವೆ, ಎಡದವು ಓರೆಯಾಗಿ ಸಡಿಲ. ಒಂದು ಕಡೆ ಗೂಟ ಹತ್ತಿರ, ಇನ್ನೊಂದು ಕಡೆ ದೂರ ಹೊಡೆದು ಪೆಂಡಾಲಿನ ಕಂಬಕ್ಕೆ ಹಗ್ಗ ಕಟ್ಟಿದ ಹಾಗೆ. ಒಂದೇ ಹಲ್ಲುಚಕ್ರ ಇದ್ದರೆ ಹಬ್‌ನ ಎರಡು ಅಂಚುಗಳನ್ನೂ ಹೆಚ್ಚು ಕಡಿಮೆ ಸಮ ದೂರದಲ್ಲಿ ಇಡಬಹುದು, ಎರಡೂ ಕಡೆ ಬಿಗಿ ಸಮ. ಅದೇ ಕಡ್ಡಿ, ಅದೇ ರಿಮ್ಮು, ಚಕ್ರ ಮಾತ್ರ ಗಟ್ಟಿ.

ಒಳಗಡೆ 30 ಮಿಲಿಮೀಟರ್ ಅಗಲ ಇರುವ ಅಲ್ಯೂಮಿನಿಯಂ ರಿಮ್ಮು, 32 ಕಡ್ಡಿ ಅಂತಾಯಿತು. ಮೊದಲು ಮುಂದಿನ ಚಕ್ರ ಕಟ್ಟಿಸಿದೆ. ಹಿಂದಿನ ಹಬ್ ಯಾವುದು ಅನ್ನೋದು ಫೋರ್ಕ್‌ನಲ್ಲಿ ಎಷ್ಟು ದುಡ್ಡು ಉಳಿಯುತ್ತೆ ಅನ್ನೋದರ ಮೇಲೆ ನಿಂತಿತ್ತು.

ಫೋರ್ಕ್ ವಿಷಯದಲ್ಲಿ ಎಲ್ಲರದ್ದೂ ಒಂದೇ ರಾಗ. “ಕೈ ಮುರ್ಕೊಂಡಿದೀಯಾ, ಸುಮ್ನೆ ಸಸ್ಪೆನ್ಷನ್ ಹಾಕ್ಸು.” ಮಾತಿನಲ್ಲಿ ತಪ್ಪಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ‘ರಿಪ್ಯಾಕ್’ ರೇಸ್ ಶುರು ಮಾಡಿದವರು ದಪ್ಪ ಟೈರಿನ ಹಳೇ ಸೈಕಲ್ಲುಗಳಲ್ಲೇ ಗುಡ್ಡ ಇಳಿದಿದ್ದು, ಮುಂದೆ ಯಾವ ಸ್ಪ್ರಿಂಗೂ ಇರಲಿಲ್ಲ. ಇಳಿಯುವಷ್ಟರಲ್ಲಿ ಹಿಂದಿನ ಬ್ರೇಕ್ ಹಬ್‌ನ ಗ್ರೀಸ್ ಸುಟ್ಟು ಹೋಗಿ ಮತ್ತೆ ತುಂಬಬೇಕಾಗುತ್ತಿತ್ತು, ರೇಸಿಗೆ ಹೆಸರು ಬಂದಿದ್ದೇ ಅದರಿಂದ. ಕಥೆ ಚೆನ್ನಾಗಿದೆ. ಆದರೆ ಅವರ ಮಣಿಕಟ್ಟು ನನ್ನದಲ್ಲ.

ಅದಕ್ಕೆ ನನ್ನ ದಾರಿಯಲ್ಲೇ ಪರೀಕ್ಷೆ ಮಾಡಿದೆ. ಹಾರೋಹಳ್ಳಿ ಆಚೆ ನಾನು ಹೋಗುವ 14 ಕಿಲೋಮೀಟರಿನ ಸುತ್ತು. ರಾಗಿ ಹೊಲದ ಬದಿ, ಬಂಡಿಜಾಡು, ದನ ತುಳಿದು ಒಣಗಿದ ಕೆಸರು, ನಡುವೆ ಹಾಸುಬಂಡೆ, ಕೊನೆಗೆ ಉಂಡೆಗಲ್ಲಿನ ಎರಡು ಇಳಿಜಾರು. ಗೆಳೆಯನೊಬ್ಬ ಎರಡು ಫೋರ್ಕ್ ಎರವಲು ಕೊಟ್ಟ. ಒಂದು 100 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್, ಎರಡು ಕಿಲೋ ತೂಕ. ಇನ್ನೊಂದು ಗಟ್ಟಿ ಸ್ಟೀಲಿನದು, ಸುಮಾರು ಅದರ ಅರ್ಧ ತೂಕ. ಹಿಂದಕ್ಕೆ ಅವನದೇ ಚಕ್ರ.

ಅಳೆಯಬೇಕಿದ್ದದ್ದು ವೇಗ ಅಲ್ಲ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯೋಕೆ ಎಷ್ಟು ಹೊತ್ತಾಗುತ್ತೆ ಅಂತ. ಅಂಗೈ ಬುಡದಲ್ಲಿ ಹಾದು ಆ ಬೆರಳುಗಳಿಗೆ ಹೋಗುವ ನರ ಹ್ಯಾಂಡಲ್‌ಗೆ ಒತ್ತಿದಾಗ ಮೊದಲು ದೂರು ಕೊಡೋದು ಅವೇ.

ಗಟ್ಟಿ ಫೋರ್ಕ್, ಟೈರಿನಲ್ಲಿ 30 ಪಿಎಸ್‌ಐ ಗಾಳಿ: 25 ನಿಮಿಷಕ್ಕೇ ಜೋಮು. ಸಸ್ಪೆನ್ಷನ್: ಒಂದು ಗಂಟೆ ದಾಟಿತು, ಇಳಿಜಾರು ಬೆಣ್ಣೆ. ಆದರೆ ಒಂದೇ ಗೇರಿನಲ್ಲಿ ಏರು ಹತ್ತೋದು ಎದ್ದು ನಿಂತು. ನಿಂತು ತುಳಿದಾಗೆಲ್ಲ ಫೋರ್ಕ್ ತೊಟ್ಟಿಲಿನ ಹಾಗೆ ತೂಗಿತು, ಲಾಕ್ ಮಾಡಿದರೆ ಎರಡು ಕಿಲೋದ ಗಟ್ಟಿ ಫೋರ್ಕ್ ಆಯಿತು. ಮೂರನೇ ಸಲ ಮತ್ತೆ ಸ್ಟೀಲ್, ಈ ಬಾರಿ ಮುಂದೆ 2.6 ಇಂಚಿನ ಟ್ಯೂಬ್‌ಲೆಸ್ ಟೈರು, 16 ಪಿಎಸ್‌ಐ. ಜೋಮು ಬಂದದ್ದು 50 ನಿಮಿಷಕ್ಕೆ, ಅಷ್ಟರಲ್ಲಿ ಎಳನೀರಿನವನ ಹತ್ತಿರ ಬಂದಿದ್ದೆ.

ಅಂದರೆ ನನ್ನ ಕೈಗೆ ಹೆಚ್ಚು ತೊಂದರೆ ಕೊಡುತ್ತಿದ್ದದ್ದು ದೊಡ್ಡ ಕಲ್ಲಲ್ಲ, ಬಿಡದೆ ನಡುಗಿಸುವ ಸಣ್ಣ ಸಣ್ಣ ಏರಿಳಿತ. ಅದನ್ನು ದಪ್ಪ ಟೈರಿನ ಗಾಳಿಯೇ ಬಹುಪಾಲು ನುಂಗಿಕೊಳ್ಳುತ್ತೆ. ದೊಡ್ಡ ಕಲ್ಲಿನ ಆ ಎರಡು ಇಳಿಜಾರಿಗೆ ಸಸ್ಪೆನ್ಷನ್ನೇ ಸರಿ, ಆದರೆ ಎರಡೂ ಸೇರಿ ಅರ್ಧ ಕಿಲೋಮೀಟರ್ ಇಲ್ಲ. ಅಲ್ಲಿ ಇಳಿದು ತಳ್ಳಿಕೊಂಡು ಹೋಗ್ತೀನಿ.

ಸ್ಟೀಲ್ ಫೋರ್ಕೇ ತಗೊಂಡೆ. ಉದ್ದ ಮಾತ್ರ ಹುಡುಕಿ ಆರಿಸಿದ್ದು. ನನ್ನ ಫ್ರೇಮ್ ಮಾಡಿರೋದು 100 ಮಿಲಿಮೀಟರ್ ಸಸ್ಪೆನ್ಷನ್‌ಗೆ. ಅಂಥ ಫೋರ್ಕ್ ಸುಮಾರು 500 ಮಿಲಿಮೀಟರ್ ಉದ್ದ, ಕೂತಾಗ 20ರಷ್ಟು ಕುಗ್ಗುತ್ತೆ. ಹಾಗಾಗಿ 480ರ ಆಸುಪಾಸಿನದು ಬೇಕು. ಅದಕ್ಕಿಂತ ಗಿಡ್ಡ ಆದರೆ ಮುಂಭಾಗ ತಗ್ಗಿ ಮೈಭಾರವೆಲ್ಲ ಅಂಗೈ ಮೇಲೆ. ಈ ಅಳತೆಗೆ ಇನ್ನೊಂದು ಕಾರಣವೂ ಇದೆ. ನಾಳೆ ಮಣಿಕಟ್ಟು “ಸಾಕಮ್ಮ” ಅಂದರೆ ಸಸ್ಪೆನ್ಷನ್ ಹಾಕಿಸಬಹುದು, ಸೈಕಲ್ಲಿನ ನಿಲುವು ಕೆಡಲ್ಲ. ನಲವತ್ತರ ಹತ್ತಿರದ ಕೈ ಬಗ್ಗೆ ಶಾಶ್ವತ ತೀರ್ಮಾನ ಯಾಕೆ?

ಉಳಿದ ದುಡ್ಡು ಹಿಂದಿನ ಹಬ್‌ಗೆ ಹೋಯಿತು. ಸಾಧಾರಣ ಹಬ್ ಸುತ್ತಿಗೆ 24 ಕಡೆ ಕಚ್ಚುತ್ತೆ, ಅಂದರೆ ಹಿಂದಿನ ಹಲ್ಲುಚಕ್ರ 15 ಡಿಗ್ರಿ ತನಕ ಖಾಲಿ ತಿರುಗಬಹುದು. ನಾನು ಹಾಕಿಸಿದ್ದು 72 ಕಡೆ ಕಚ್ಚುವುದು, 5 ಡಿಗ್ರಿ ಸಾಕು. ಹಾಸುಬಂಡೆ ಮೇಲೆ ವೇಗ ಸತ್ತಾಗ ಗೇರ್ ಇಳಿಸೋಕೆ ನನ್ನ ಹತ್ತಿರ ಗೇರೇ ಇಲ್ಲವಲ್ಲ. ಅರ್ಧ ಅರ್ಧ ಪೆಡಲ್ ತುಳಿದೇ ದಾಟಬೇಕು.

ಈಗ ಆರು ತಿಂಗಳಾಯ್ತು. ಕಡ್ಡಿ ಒಂದೂ ಸಡಿಲ ಆಗಿಲ್ಲ, ಸೋಮವಾರ ಬೆಳಿಗ್ಗೆ ಬೆರಳು ಟೈಪ್ ಮಾಡ್ತಿವೆ. ಈ ವಾರ ಮಳೆ ಬಂದು ನೆಲ ಮೆತ್ತಗಾಗಿದೆ. ಭಾನುವಾರ ಮುಂದಿನ ಟೈರನ್ನು 14 ಪಿಎಸ್‌ಐಗೆ ಇಳಿಸಿ ನೋಡಬೇಕು ಅಂತಿದ್ದೀನಿ.