ವಿ.ಪಿ.ಯಲ್ಲಿ ಬಂದ ನೌಕರಿ

ಮೂವತ್ತೊಂದು ವರ್ಷ ಸೈಕಲ್ ತುಳಿದು ಅಂಚೆ ಹಂಚಿದವನು ನಾನು. ಯಾವ ಲಕೋಟೆಯಲ್ಲಿ ಮದುವೆಯ ಕರೆಯೋಲೆ ಇದೆ, ಯಾವುದರಲ್ಲಿ ಬ್ಯಾಂಕಿನ ನೋಟೀಸು ಇದೆ ಎಂಬುದನ್ನು ಕೈಯಲ್ಲಿ ಹಿಡಿದೇ ಹೇಳಬಲ್ಲೆನೆಂಬ ಸಣ್ಣ ಜಂಬ ನನಗಿತ್ತು. ನೇಮಕಾತಿ ಆದೇಶ ಬಂದ ಮನೆಯಲ್ಲಂತೂ ಪೋಸ್ಟ್‌ಮ್ಯಾನ್‌ಗೆ ಕಾಫಿ ಖಂಡಿತ. ಅಂಥ ನಾನು ಸ್ವಂತ ಮಗಳ ನೇಮಕಾತಿ ಪತ್ರ ನೋಡಿ ಮೋಸ ಹೋದೆನೆಂದರೆ ನಗುತ್ತೀರೇನೋ. ನಗಿ, ಪರವಾಗಿಲ್ಲ.

ಮಗಳು ಬಿ.ಕಾಂ. ಮುಗಿಸಿ ಎಂಟು ತಿಂಗಳಾಗಿತ್ತು. ಕೆಲಸ ಹುಡುಕಿಕೊಡುವ ಜಾಲತಾಣಗಳಲ್ಲೆಲ್ಲ ತನ್ನ ವಿವರ ಹಾಕಿದ್ದಳು. ಒಂದು ದಿನ ವಾಟ್ಸ್‌ಆ್ಯಪ್‌ಗೆ ಸಂದೇಶ ಬಂತು: ಬೆಂಗಳೂರಿನ ದೊಡ್ಡ ಕಂಪನಿ, ತಿಂಗಳಿಗೆ 32,000 ರೂಪಾಯಿ, ಮೊದಲ ಆರು ತಿಂಗಳು ಮನೆಯಿಂದಲೇ ಕೆಲಸ. ಅವಳ ಕಾಲೇಜು, ಅಂಕ, ಎಲ್ಲವೂ ಅವರಿಗೆ ಗೊತ್ತಿತ್ತು. ಅವಳೇ ಹಾಕಿದ ಬಯೋಡೇಟಾ ಓದಿ ಒಪ್ಪಿಸುತ್ತಿದ್ದಾರೆಂದು ನಮಗೆ ಹೊಳೆಯಲಿಲ್ಲ. ಸಂದರ್ಶನ ನಡೆದದ್ದೂ ಟೈಪು ಮಾಡಿಯೇ, ಇಪ್ಪತ್ತು ನಿಮಿಷ. ಮುಖ ಕಾಣಲಿಲ್ಲ, ದನಿ ಕೇಳಲಿಲ್ಲ. ಸಂಜೆಗೆ ಪತ್ರ ಬಂದೇಬಿಟ್ಟಿತು. ಲಾಂಛನ, ಮೊಹರು, ಸಹಿ ಎಲ್ಲ ಇತ್ತು. ನಾನು ಜೆರಾಕ್ಸ್ ಅಂಗಡಿಗೆ ಹೋಗಿ ಅದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿದೆ. ಬರುವಾಗ ಅರ್ಧ ಕೆ.ಜಿ. ಪೇಡ ತಂದೆ.

ಆ ಪೇಡವೇ ನಮ್ಮನ್ನು ಕಟ್ಟಿಹಾಕಿತು. ಮರುದಿನ ನೋಂದಣಿಗೆಂದು 2,500 ರೂಪಾಯಿ ಕೇಳಿದರು. 'ಅಪ್ಪಾ, ಯಾಕೋ ಸರಿ ಕಾಣ್ತಿಲ್ಲ' ಎಂದಳು ಮಗಳು. ಆದರೆ ಇಡೀ ಬೀದಿ ಪೇಡ ತಿಂದಾಗಿತ್ತು! 'ಮೂವತ್ತೆರಡು ಸಾವಿರದ ಮುಂದೆ ಇದೇನು ಮಹಾ' ಎಂದು ನಾನೇ ನನ್ನ ಫೋನಿನಿಂದ ಕಳಿಸಿಬಿಟ್ಟೆ. ಎರಡು ದಿನ ಬಿಟ್ಟು ಲ್ಯಾಪ್‌ಟಾಪ್ ಠೇವಣಿ 14,800. ಮೊದಲ ಸಂಬಳದ ಜೊತೆ ವಾಪಸು ಕೊಡುತ್ತಾರಂತೆ. ಐದು ಗಂಟೆಯೊಳಗೆ ಕಟ್ಟದಿದ್ದರೆ ಜಾಗ ಬೇರೆಯವರಿಗಂತೆ. ಇದನ್ನು ಮಗಳು ನನಗೆ ಹೇಳಲೇ ಇಲ್ಲ. ಅಪ್ಪನಿಗೆ ಬೀದಿಯಲ್ಲಿ ಅವಮಾನವಾಗಬಾರದೆಂದು, ಟ್ಯೂಷನ್ ಹೇಳಿ ಕೂಡಿಟ್ಟಿದ್ದರಿಂದ ಕಟ್ಟಿದ್ದಳು. ಆಮೇಲೆ ವಿಮೆಗೆಂದು 9,000 ಕೇಳಿದಾಗ ಅಡುಗೆಮನೆಯಲ್ಲಿ ಅಮ್ಮನ ಮುಂದೆ ಕೂತು ಅತ್ತಳು.

ಆ ರಾತ್ರಿ ಕನ್ನಡಕ ಹಾಕಿಕೊಂಡು ಪತ್ರವನ್ನು ಪೋಸ್ಟ್‌ಮ್ಯಾನ್ ನೋಡುವ ಹಾಗೆ ನೋಡಿದೆ. ಕಳಿಸಿದವರು ಯಾರು? ಇ-ಮೇಲ್ ವಿಳಾಸದಲ್ಲಿ ಕಂಪನಿಯ ಹೆಸರಿಗೆ ಅಡ್ಡಗೆರೆ ಎಳೆದು 'ಕೆರಿಯರ್ಸ್' ಎಂದು ಅಂಟಿಸಿದ್ದರು. ಕಂಪನಿಯ ಅಸಲಿ ವಿಳಾಸವೇ ಬೇರೆ. ಹಣ ಸೇರಿದ್ದು ಯಾರಿಗೆ? ಯುಪಿಐಯಲ್ಲಿ ಕಳಿಸುವ ಮುನ್ನ ಪಡೆಯುವವರ ಹೆಸರು ಕಾಣಿಸುತ್ತದಲ್ಲ, ಅಲ್ಲಿ ಇದ್ದದ್ದು ಯಾರೋ ಒಬ್ಬ ವ್ಯಕ್ತಿಯ ಹೆಸರು, ಕಂಪನಿಯದಲ್ಲ. ಮನಿಯಾರ್ಡರಿನಲ್ಲಿ ಹೆಸರು ಹೊಂದದಿದ್ದರೆ ಹಣ ಕೊಡದೆ ವಾಪಸು ತರುತ್ತಿದ್ದ ಮನುಷ್ಯ, ಅದನ್ನು ಓದಿಯೂ ಪಿನ್ ಒತ್ತಿದ್ದೆ.

ನಮ್ಮ ಕಾಲದಲ್ಲಿ ವಿ.ಪಿ.ಪಿ. ಎಂಬುದಿತ್ತು, ದುಡ್ಡು ಕೊಟ್ಟರೇ ಪೊಟ್ಟಣ ಕೈಗೆ. ಜಾಹೀರಾತು ನಂಬಿ ಅಗ್ಗದ ಟ್ರಾನ್ಸಿಸ್ಟರ್ ತರಿಸಿದವರಿಗೆ ಇಟ್ಟಿಗೆ ಚೂರು ಸಿಕ್ಕಿದ್ದನ್ನು ಕಂಡಿದ್ದೇನೆ. ಆದರೆ ನೇಮಕಾತಿ ಆದೇಶ ವಿ.ಪಿ.ಯಲ್ಲಿ ಬಂದದ್ದನ್ನು ಒಮ್ಮೆಯೂ ಕಂಡಿಲ್ಲ. ಸರ್ಕಾರಿ ಪರೀಕ್ಷೆಗಳಿಗೆ ಅರ್ಜಿ ಶುಲ್ಕ ಇರುತ್ತದೆ, ನಿಜ. ಅದು ಅಧಿಸೂಚನೆಯಲ್ಲೇ ಅಚ್ಚಾಗಿರುತ್ತದೆ, ಅರ್ಜಿಯ ಜೊತೆ ಕಟ್ಟುವುದು. ಕೆಲಸ ಸಿಕ್ಕಿತೆಂದು ಹೇಳಿದ ಮೇಲೆ ಕೇಳುವುದಲ್ಲ.

ಬೆಳಗಾಗುವವರೆಗೆ ಕಾಯದೆ 1930ಕ್ಕೆ ಫೋನು ಮಾಡಿದೆವು. ಹಣ ಹೋದ ಕೂಡಲೇ ಈ ಸಂಖ್ಯೆಗೆ ತಿಳಿಸಿದರೆ, ಅದು ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲೇ ಬ್ಯಾಂಕಿನಲ್ಲಿ ತಡೆಯಲು ಅವಕಾಶವಿದೆ. ನಾವು ನಾಲ್ಕು ದಿನ ತಡ. ಸಾಲದ್ದಕ್ಕೆ, ಮಗಳು ಸಿಟ್ಟಿನಲ್ಲಿ ಅರ್ಧ ಸಂದೇಶಗಳನ್ನು ಅಳಿಸಿಹಾಕಿದ್ದಳು. ದೂರಿಗೆ ಬೇಕಾದದ್ದೇ ಅವು.

'ಹಣ ಮಾತ್ರ ಹೋಯ್ತಲ್ಲ, ಬಿಡಿ ಯಜಮಾನ್ರೇ' ಎಂದರು ಠಾಣೆಯಲ್ಲಿ. ನನಗೆ ಸಿಟ್ಟು ಬಂತು. ಆಮೇಲೆ ಅವರು ವಿದೇಶದ ಕೆಲಸದ ಮಾತೆತ್ತಿದಾಗ ಸುಮ್ಮನಾದೆ. ಇಂಥದೇ ಸಂದೇಶ ನಂಬಿ ಥಾಯ್ಲೆಂಡಿಗೆಂದು ಹೊರಟವರನ್ನು ಮ್ಯಾನ್ಮಾರ್ ಗಡಿಯ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿ, ಊರವರಿಗೆ ಮೋಸ ಮಾಡುವ ಕೆಲಸಕ್ಕೇ ಹಚ್ಚುತ್ತಾರೆ. 2025ರ ಮಾರ್ಚ್‌ನಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರ ಮನೆಗಳಲ್ಲೂ ಹೊರಡುವ ದಿನ ಸಿಹಿ ಹಂಚಿರಬೇಕು.

ಹಾಲಿನ ಬೂತಿನಲ್ಲಿ ದಿನಾ ಅದೇ ಪ್ರಶ್ನೆ: 'ಮಗಳು ಯಾವಾಗ ಕೆಲಸಕ್ಕೆ ಸೇರ್ತಾಳೆ?' ಒಂದು ವಾರ 'ಮುಂದಿನ ತಿಂಗಳು' ಎಂದೆ. ಎಂಟನೆಯ ದಿನ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಒಬ್ಬಿಬ್ಬರು ನಕ್ಕರು. ಸಂಜೆ ಹಿಂದಿನ ಮನೆಯ ಶಾರದಮ್ಮ ಮಗನ ಫೋನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ತರಬೇತಿ ಶುಲ್ಕ 3,500, ನಾಳೆ ಐದು ಗಂಟೆಯೊಳಗೆ. 'ಹುಡುಗ ಬೇಡ ಅಂತಾನೆ, ನಾವೇ ಒತ್ತಾಯ ಮಾಡ್ತಿದ್ದೆವು' ಎಂದರು.

ಮಗಳು ಅವರನ್ನು ಕೂರಿಸಿ ಫೋನು ತೆಗೆದುಕೊಂಡಳು. ನಾನು ಕನ್ನಡಕ ತರಲು ಒಳಗೆ ಹೋದೆ.