ಪೇಪರಿನಲ್ಲಿ ಉಂಟು, ಪೆಟ್ಟಿಗೆಯಲ್ಲಿ ಇಲ್ಲ

ಪಡೀಲ್ ಜಂಕ್ಷನ್ ಬಳಿಯ ಹಂಚಿನ ಮಾಡಿನ ಅಂಗಡಿ ಸಾಲನ್ನು ಜೆಸಿಬಿ ಕೆಡವುವಾಗ ನೋಡಲು ನಿಂತವರು ಹೆಚ್ಚೆಂದರೆ ಹತ್ತು ಮಂದಿ. ಬಸ್ಸು ಬಂದಂತೆಲ್ಲ ಒಬ್ಬೊಬ್ಬರಾಗಿ ಕರಗಿದರು. ಒಬ್ಬರು ಮಾತ್ರ ಕೊನೆಯ ಪಕ್ಕಾಸು ಮುರಿದು ಬೀಳುವವರೆಗೂ ಕದಲಲಿಲ್ಲ. ಎಡದಿಂದ ಮೂರನೆಯ ಕೋಣೆಯಲ್ಲಿ ಅವರು 1998ರಿಂದ 2020ರವರೆಗೆ ಕಂಪ್ಯೂಟರ್ ಜೋಡಿಸಿದ್ದರು.

ಜೊತೆಗೆ ಬಂದಿದ್ದ ಸೋದರಳಿಯನಿಗೆ ಅಲ್ಲಿ ನೋಡಲು ಏನೂ ಇರಲಿಲ್ಲ. ಅವನ ಸಂಕಟವೇ ಬೇರೆ. 2024ರ ನವೆಂಬರ್ 7ರಂದು ಎಎಂಡಿಯ ರೈಜೆನ್ 7 9800ಎಕ್ಸ್3ಡಿ ಬಿಡುಗಡೆಯಾದಾಗ ಅವನು ಫೋನಿನ ಪರದೆ ಉಜ್ಜಿದ್ದೇ ಉಜ್ಜಿದ್ದು. ಅಮೆರಿಕದಲ್ಲಿ 479 ಡಾಲರ್ ಬೆಲೆ ಹೇಳಿದ್ದ ಆ ಪ್ರೊಸೆಸರ್ ಅಲ್ಲೇ ಬಂದಷ್ಟು ಬೇಗ ಖಾಲಿಯಾಗುತ್ತಿತ್ತು. ಎರಡು ವಾರ ಮೊದಲು ಬಂದಿದ್ದ ಇಂಟೆಲ್‌ನ ಹೊಸ ಚಿಪ್ ಆಟ ಆಡುವವರಿಗೆ ಹಿಡಿಸಲಿಲ್ಲ, ಹಾಗಾಗಿ ಎಲ್ಲರೂ ಇದಕ್ಕೇ ಮುಗಿಬಿದ್ದರು. ಹುಡುಗ ಎರಡು ತಿಂಗಳು ಕಾದ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಮಾವ, ನಿಮ್ಮ ದಣಿ ಇದ್ದಿದ್ದರೆ ನನಗದು ಮೊದಲ ದಿನವೇ ಸಿಗ್ತಿತ್ತಲ್ಲಾ?”

ಮಾವ ತಕ್ಷಣ ಉತ್ತರ ಕೊಡಲಿಲ್ಲ.

ಕದ್ರಿಯ ಐಟಿಐ ಮುಗಿಸಿ ಅವರು ಆ ಅಂಗಡಿಗೆ ಸೇರಿದಾಗ ಮೂಲೆಯಲ್ಲಿ ಇನ್ನೂ ರೇಡಿಯೋ, ಟೇಪ್ ರೆಕಾರ್ಡರ್‌ಗಳ ರಾಶಿ. ದಣಿ ಮೂಲತಃ ರೇಡಿಯೋ ರಿಪೇರಿಯವರು. ಕಂಪ್ಯೂಟರನ್ನು ಯಾರಿಂದಲೂ ಕಲಿತವರಲ್ಲ, ಬಿಚ್ಚಿ ಕಲಿತವರು. ಮೇಜಿನ ಕೆಳಗೆ ಅವರದೊಂದು ತಗಡಿನ ಟ್ರಂಕು, ಅದರೊಳಗೆ ಹಗಲೂ ರಾತ್ರಿ ಉರಿಯುವ ಹದಿನೈದು ವ್ಯಾಟಿನ ಬಲ್ಬು. ಕರಾವಳಿಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಬೋರ್ಡಿನ ತಾಮ್ರ ಹಸಿರುಗಟ್ಟದೆ ಇದ್ದೀತೇ? ಬೆಲೆಬಾಳುವ ಪ್ರೊಸೆಸರ್, ರ‍್ಯಾಮ್ ಎಲ್ಲ ಆ ಬೆಚ್ಚಗಿನ ಟ್ರಂಕಿನಲ್ಲೇ. ಮುಚ್ಚಳ ತೆಗೆದರೆ ಕಾದ ತಗಡು, ಹೊಸ ಪ್ಲಾಸ್ಟಿಕ್, ಬೆಸುಗೆಯ ರಾಳ ಮೂರೂ ಬೆರೆತ ಒಂದು ಪರಿಮಳ ಮುಖಕ್ಕೆ ಹೊಡೆಯುತ್ತಿತ್ತು. ಈಗಲೂ ಎಲ್ಲಾದರೂ ರಾಳ ಸುಟ್ಟ ವಾಸನೆ ಬಂದರೆ ಅವರ ಕೈ ತಾನಾಗಿ ಮೇಜಿನ ಕೆಳಗೆ ಹೋಗುತ್ತದೆ.

ಸಾಮಾನು ಬರುತ್ತಿದ್ದುದು ಬೆಂಗಳೂರಿನ ಎಸ್.ಪಿ. ರೋಡಿನಿಂದ. ರಾತ್ರಿ ಹೊತ್ತಾದ ಮೇಲೆ ಎಸ್‌ಟಿಡಿ ದರ ಇಳಿಯುತ್ತದೆಂದು ದಣಿ ಊಟ ಮುಗಿಸಿ ಬೂತಿಗೆ ಹೋಗಿ ಅಲ್ಲಿನ ವ್ಯಾಪಾರಿಯ ಮನೆಗೇ ಫೋನು ಹಚ್ಚುತ್ತಿದ್ದರು. ಮರುದಿನ ಪೊಟ್ಟಣ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ಇಳಿದು, ಬೆಳಕು ಹರಿಯುವ ಮುಂಚೆ ಪಡೀಲಿಗೆ. ಬೆಂಗಳೂರು ಬಸ್ಸು ಪಂಪ್‌ವೆಲ್ ತಲುಪುವ ಮೊದಲು ಇಲ್ಲಿ ಒಂದು ಗಳಿಗೆ ನಿಧಾನಿಸುತ್ತಿತ್ತು. ಕ್ಲೀನರ್ ಬಾಗಿಲಲ್ಲೇ ನಿಂತು ಪೊಟ್ಟಣ ಚಾಚಬೇಕು, ಆಗ ಅಂಗಡಿಯ ಹುಡುಗನಾಗಿದ್ದ ಮಾವ ಓಡುತ್ತಲೇ ಹಿಡಿಯಬೇಕು. ಪೆಂಟಿಯಂ ಎಂಬ ಹೆಸರು ಊರಿಗೆ ಬರುತ್ತಿದ್ದುದು ಹೀಗೆ, ಹಳೆಯ ಕನ್ನಡ ಪೇಪರಿನಲ್ಲಿ ಸುತ್ತಿಕೊಂಡು.

ಬಂದದ್ದೆಲ್ಲ ಅಸಲಿಯೂ ಆಗಿರಲಿಲ್ಲ. ಆ ದಿನಗಳಲ್ಲಿ ಕಡಿಮೆ ವೇಗದ ಚಿಪ್ಪಿನ ಮೇಲಿನ ಅಂಕಿ ತೀಡಿ, ಬಣ್ಣ ಬಳಿದು, ಹೆಚ್ಚಿನ ವೇಗದ ಅಂಕಿ ಅಚ್ಚು ಹಾಕುವ ದಂಧೆ ಲೋಕದಾದ್ಯಂತ ಇತ್ತು. ದಣಿ ಉಗುರುಬಣ್ಣ ತೆಗೆಯುವ ದ್ರಾವಣವನ್ನು ಹತ್ತಿಗೆ ಹಚ್ಚಿ ಚಿಪ್ಪಿನ ಮೂಲೆಯಲ್ಲಿ ಒಮ್ಮೆ ಒರೆಸುತ್ತಿದ್ದರು. ಹತ್ತಿ ಕಪ್ಪಾದರೆ ಆ ಪೊಟ್ಟಣ ಅದೇ ರಾತ್ರಿ ವಾಪಸ್ಸು ಬಸ್ಸು ಹತ್ತುತ್ತಿತ್ತು.

2000ದ ಮಾರ್ಚ್ ಬಂತು. 6ರಂದು ಎಎಂಡಿ ಒಂದು ಗಿಗಾಹರ್ಟ್ಸ್ ವೇಗದ ಅಥ್ಲಾನ್ ಘೋಷಿಸಿತು. ಎರಡೇ ದಿನ ಬಿಟ್ಟು ಇಂಟೆಲ್ ಕೂಡ ಅದೇ ವೇಗದ ಪೆಂಟಿಯಂ 3 ತಂದೆನೆಂದಿತು. ಸುದ್ದಿ ಓದಿದವರು ಪೇಪರಿನ ತುಂಡು ಜೇಬಿನಲ್ಲಿಟ್ಟು ಪಡೀಲಿಗೆ ಬಂದರು. ದಣಿ ಅದನ್ನು ಕನ್ನಡಕ ಏರಿಸಿ ಓದಿ, ಮಡಚಿ ಹಿಂದಕ್ಕೆ ಕೊಡುತ್ತಿದ್ದರು. “ಪೇಪರಿನಲ್ಲಿ ಉಂಟು ಮಾರಾಯ್ರೆ, ಪೆಟ್ಟಿಗೆಯಲ್ಲಿ ಇಲ್ಲ.”

ಅದು ಪಡೀಲಿನ ಕತೆ ಮಾತ್ರ ಅಲ್ಲ. 1999ರ ಅಕ್ಟೋಬರ್‌ನಲ್ಲಿ ಬಂದ ಹೊಸ ಬಗೆಯ ಪೆಂಟಿಯಂ 3 ತಿಂಗಳುಗಟ್ಟಲೆ ಬೇಕಾದಷ್ಟು ಸಿಗಲಿಲ್ಲ. ಅಮೆರಿಕದ ಗೇಟ್‌ವೇ ಕಂಪನಿಯಂತಹ ದೊಡ್ಡ ಗಿರಾಕಿಯೇ ತನ್ನ ವ್ಯಾಪಾರ ಕುಸಿದದ್ದಕ್ಕೆ ಆ ಕೊರತೆಯನ್ನೂ ದೂರಿ ಎಎಂಡಿ ಕಡೆ ತಿರುಗಿತು. ಪೈಪೋಟಿಯ ಅವಸರ ಎಷ್ಟಿತ್ತೆಂದರೆ, 2000ದ ಜುಲೈ 31ರಂದು ಇಂಟೆಲ್ ಬಿಟ್ಟ 1.13 ಗಿಗಾಹರ್ಟ್ಸ್ ಚಿಪ್ಪನ್ನು ದೋಷ ಕಂಡುಬಂದು ಒಂದೇ ತಿಂಗಳಲ್ಲಿ ವಾಪಸ್ಸು ಪಡೆಯಬೇಕಾಯಿತು.

ಯಾಕೆ ಹೀಗೆ ಎಂದು ಅಂಗಡಿಯ ಹುಡುಗ ಕೇಳಿದಾಗ ದಣಿ ತೋರಿಸಿದ್ದು ಗೇರುಬೀಜದ ಕಾರ್ಖಾನೆಯ ಉದಾಹರಣೆ. ಮಂಗಳೂರಿನವರಿಗೆ ಅದಕ್ಕಿಂತ ಚೆನ್ನಾಗಿ ಬೇರೆ ಹೇಗೆ ಹೇಳುವುದು? ಒಂದೇ ಮೂಟೆಯ ಬೀಜ ಒಡೆದರೂ ದೊಡ್ಡ ತಿರುಳು, 180ರ ಗ್ರೇಡಿನದು, ಹಿಡಿಯಷ್ಟೇ. ಬಹುಪಾಲು 320ರದು, ಉಳಿದದ್ದು ಹೋಳು, ನುಚ್ಚು. ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೂ ಹಾಗೇ. ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಮಾಡಿದರೂ ಪರೀಕ್ಷೆಗೆ ಇಟ್ಟಾಗ ಅತಿವೇಗ ತಾಳುವವು ಕೆಲವೇ. ಹೊಸ ವಿಧಾನದ ಮೊದಲ ತಿಂಗಳುಗಳಲ್ಲಂತೂ ಹಾಳಾಗುವುದೇ ಹೆಚ್ಚು. ಒಂದು ಬಿಲ್ಲೆ ಕಾರ್ಖಾನೆಯೊಳಗೆ ಹೊಕ್ಕು ಚಿಪ್ಪಾಗಿ ಹೊರಬರಲು ಸುಮಾರು ಮೂರು ತಿಂಗಳು ಬೇಕು. ಇವತ್ತು ಗಿರಾಕಿ ಹೆಚ್ಚಿದರೆಂದು ನಾಳೆ ಹೆಚ್ಚು ಮಾಡಲು ಬರುವುದಿಲ್ಲ. ಆದರೆ ಎದುರಿನವನಿಗಿಂತ ಮೊದಲು ಹೆಸರು ಹೇಳಿಕೊಳ್ಳಲು ಹಿಡಿಯಷ್ಟು ಸಾಕು.

ಇಷ್ಟು ಬಲ್ಲ ದಣಿಯ ಹತ್ತಿರ ಒಂದು ಕೆಂಪು ರಟ್ಟಿನ ಪುಸ್ತಕವೂ ಇತ್ತು. ಸಿಗದ ಸಾಮಾನಿಗೆ ಮುಂಗಡ ಕೊಟ್ಟವರ ಹೆಸರು ಅದರಲ್ಲಿ ಸಾಲಾಗಿ.

ಆ ವರ್ಷ ಸಾಲಿನ ಮೊದಲ ಹೆಸರು ಫರಂಗಿಪೇಟೆ ಕಡೆಯ ಒಬ್ಬ ಸ್ಟುಡಿಯೋದವರದು. ಮದುವೆ ಸೀಸನ್ನಿಗೆ ಮುಂಚೆ ವಿಡಿಯೋ ಮಿಕ್ಸಿಂಗಿಗೆ 733ರ ಪೆಂಟಿಯಂ 3 ಬೇಕಿತ್ತು, ಎರಡು ಸಾವಿರ ರೂಪಾಯಿ ಮುಂಗಡ ಇಟ್ಟಿದ್ದರು. ಒಂದು ಮುಂಜಾನೆ ಬಸ್ಸಿನಿಂದ ಒಂದೇ ಒಂದು ಚಿಪ್ ಬಂತು. ಹತ್ತು ಗಂಟೆಗೆ ನಗರದ ಒಬ್ಬ ಡಾಕ್ಟರರು ಮಗನನ್ನು ಕರೆದುಕೊಂಡು ಬಂದರು. ದಣಿ ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ ತಿರುಗಿಸಿದರು. ಡಾಕ್ಟರರು ನೋಡಿ ನಕ್ಕರು, ಅದೇ ಕ್ಯಾಲ್ಕುಲೇಟರಿನಲ್ಲಿ ಸಾವಿರದ ಇನ್ನೂರು ಕೂಡಿಸಿ ಮತ್ತೆ ದಣಿಯ ಕಡೆ ತಿರುಗಿಸಿದರು. ಒಬ್ಬರೂ ಬಾಯಿ ಬಿಡಲಿಲ್ಲ. ದಣಿ ಟ್ರಂಕಿನ ಮುಚ್ಚಳ ತೆಗೆದರು.

ಚಿಪ್ ಕೂರಿಸಿದ್ದು ಅಂಗಡಿಯ ಹುಡುಗನೇ. ಹಸಿರು ಬಿಲ್ಲೆಯ ನಡುವೆ ಉಗುರಿನಷ್ಟು ನೀಲಿ ಸಿಲಿಕಾನ್, ಬತ್ತಲೆ. ಅದರ ಮೇಲೆ ಸಾಸಿವೆಯಷ್ಟು ಬಿಳಿ ಪೇಸ್ಟು. ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇಟ್ಟು, ಅದರ ಕೊಕ್ಕೆಯನ್ನು ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಒತ್ತಿ ಸಿಕ್ಕಿಸಬೇಕು. ಒಂದು ಕಡೆ ಹೆಚ್ಚು ಭಾರ ಬಿದ್ದರೆ ಸಿಲಿಕಾನಿನ ಮೂಲೆ ಒಡೆದು ಎಲ್ಲವೂ ಕಸ. ಅವನು ಉಸಿರು ಹಿಡಿದು ಒತ್ತುತ್ತಿದ್ದಾಗಲೇ ಸ್ಟುಡಿಯೋದವರು ಮೆಟ್ಟಿಲು ಹತ್ತಿದರು. “ಬಸ್ಸು ಶಿರಾಡಿಯಲ್ಲಿ ಸಿಕ್ಕಿಹಾಕಿಕೊಂಡಿದೆಯಂತೆ” ಎಂದರು ದಣಿ, ಮುಖದ ಒಂದು ಗೆರೆಯೂ ಅಲುಗದೆ. ಹುಡುಗನ ಕಡೆ ತಿರುಗಿ, “ಇವರಿಗೊಂದು ಚಾ ಹೇಳಿ ಬಾ” ಎಂದರು.

ಸ್ಟುಡಿಯೋದವರಿಗೆ ಅನುಮಾನ ಬಂದಿತ್ತು. ಮೂರು ದಿನ ಬಿಟ್ಟು ಬಂದು ಮೇಜು ಗುದ್ದಿದರು, ತುಳುವಿನಲ್ಲಿ ಏಳು ತಲೆಮಾರು ಜಾಲಾಡಿದರು. ಎರಡು ವಾರಕ್ಕೆ ಅವರ ಚಿಪ್ಪೂ ಬಂತು. ದಣಿ ಹಳೆಯ ಬೆಲೆಗೇ ಕೊಟ್ಟರು, ಜೋಡಿಸಿದ ಕೂಲಿ ತೆಗೆದುಕೊಳ್ಳಲಿಲ್ಲ, ಮನೆಗೇ ಹೋಗಿ ಕೂರಿಸಿ ಬಂದರು. ಆ ಸಾವಿರದ ಇನ್ನೂರರ ಮಾತು ಮಾತ್ರ ಯಾವತ್ತೂ ಬರಲಿಲ್ಲ.

ಆಮೇಲೆ ಬೆಲೆ ಇಳಿಯಿತು, ಸಾಮಾನು ಹೇರಳವಾಯಿತು, ಕೆಂಪು ಪುಸ್ತಕ ಧೂಳು ಹಿಡಿಯಿತು. ಅದು ಮತ್ತೆ ಹೊರಬಂದದ್ದು 2018ರಲ್ಲಿ. ಆ ವರ್ಷ ಶಿರಾಡಿ ರಸ್ತೆ ಕಾಂಕ್ರೀಟ್ ಕಾಮಗಾರಿಗೆಂದು ಜನವರಿಯಲ್ಲಿ ಮುಚ್ಚಿ, ಜುಲೈಯಲ್ಲಿ ತೆರೆದು, ಆಗಸ್ಟಿನ ಮಳೆಗೆ ಗುಡ್ಡ ಜರಿದು ಮತ್ತೆ ಬಂದ್ ಆಯಿತು. ಶಿರಾಡಿಯ ನೆಪ ಹೇಳಲು ದಣಿಗೆ ಈ ಸಲ ಸುಳ್ಳು ಬೇಕಿರಲಿಲ್ಲ. ದಾರಿ ಸರಿಯಾಗುವ ಹೊತ್ತಿಗೆ ಸಾಮಾನೇ ಇಲ್ಲ. ಇಂಟೆಲ್‌ನ 10 ನ್ಯಾನೋಮೀಟರ್ ವಿಧಾನ ವರ್ಷಗಟ್ಟಲೆ ತಡವಾಗಿ, ಎಲ್ಲ ಭಾರ ಹಳೆಯ 14 ನ್ಯಾನೋಮೀಟರ್ ಸಾಲುಗಳ ಮೇಲೆ ಬಿದ್ದಿತ್ತು. ಸೆಪ್ಟೆಂಬರ್ 28ರಂದು ಕಂಪನಿಯ ಹಂಗಾಮಿ ಮುಖ್ಯಸ್ಥ ಬಾಬ್ ಸ್ವಾನ್ ಬಹಿರಂಗ ಪತ್ರ ಬರೆದು, ಬಂಡವಾಳಕ್ಕೆ ಇನ್ನೂ 100 ಕೋಟಿ ಡಾಲರ್ ಸೇರಿಸಿದ್ದೇವೆ, ಸರ್ವರ್‌ಗಳ ಝಿಯಾನ್ ಮತ್ತು ಕೋರ್ ಚಿಪ್ಪುಗಳಿಗೆ ಆದ್ಯತೆ ಎಂದರು. ಎಂದರೆ ಸೊಸೈಟಿ, ಶಾಲೆ, ಡಿಟಿಪಿ ಸೆಂಟರಿನವರು ಕೇಳುವ ಅಗ್ಗದ ಪೆಂಟಿಯಂ, ಸೆಲೆರಾನ್‌ಗಳ ಪಾಳಿ ಕೊನೆಗೆ. ಡಾಕ್ಟರರೇ ಮೊದಲು, ಸ್ಟುಡಿಯೋದವರು ಆಮೇಲೆ.

2020ರಲ್ಲಿ ಲಾಕ್‌ಡೌನ್. ಆನ್‌ಲೈನ್ ಕ್ಲಾಸಿಗೆಂದು ಅಟ್ಟದ ಮೇಲಿನ ಹಳೇ ಡಬ್ಬಗಳೆಲ್ಲ ರಿಪೇರಿಗೆ ಬಂದವು. ನವೆಂಬರ್ 5ಕ್ಕೆ ರೈಜೆನ್ 5000 ಬಿಡುಗಡೆಯಾಗಿ ಅಮೆರಿಕದ ಅಂಗಡಿಗಳಲ್ಲಿ ನಿಮಿಷಗಳಲ್ಲಿ ಮುಗಿಯಿತು. ಅದೇ ತಿಂಗಳು ಬಂದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್‌ಗಳ ಚಿಪ್ಪುಗಳೂ ತೈವಾನಿನ ಟಿಎಸ್‌ಎಂಸಿಯ 7 ನ್ಯಾನೋಮೀಟರ್ ಸಾಲಿನಿಂದಲೇ ಬರಬೇಕಿತ್ತು. ಆ ವರ್ಷದ ಕೊನೆಗೆ ದಣಿ ಶಟರ್ ಎಳೆದರು. ಈಗ ಅವರೂ ಇಲ್ಲ.

2025ರ ಮೇನಲ್ಲಿ ಪಡೀಲಿನಲ್ಲಿ ಜಿಲ್ಲಾಡಳಿತದ ಪ್ರಜಾಸೌಧ ಉದ್ಘಾಟನೆಯಾದ ಮೇಲೆ ಇಲ್ಲಿ ಬೇಡಿಕೆಯಿರುವುದು ಜೆರಾಕ್ಸಿಗೆ, ಅರ್ಜಿ ಬರೆಯುವವರಿಗೆ. ಕಂಪ್ಯೂಟರ್ ಬಿಚ್ಚಲು ಬಲ್ಲವರನ್ನು ಯಾರೂ ಕೇಳುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬಿಚ್ಚಿದರೂ ಮಾಡಲಿಕ್ಕೆ ಎಂತ ಉಂಟು ಎಂದು ಮಾವ ಗೊಣಗುತ್ತಾರೆ. ಅಳಿಯ ಫೋನಿನಲ್ಲಿ ಒತ್ತಿದ್ದ ‘ಬಂದಾಗ ತಿಳಿಸಿ’ ಎಂಬ ಗುಂಡಿಯನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ಕ್ಷಣದಲ್ಲಿ ಇದ್ದಬದ್ದದ್ದನ್ನೆಲ್ಲ ಬಾಚುವ ತಂತ್ರಾಂಶಗಳ ಎದುರು ಹುಡುಗನ ಬೆರಳು ಏನು ಮಾಡೀತು? ಹೋಗಿ ಗುದ್ದೋಣವೆಂದರೆ ಮೇಜೂ ಇಲ್ಲ.

ಜೆಸಿಬಿ ಹಿಂದೆ ಸರಿಯಿತು. ಅಳಿಯ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ.

“ಸಿಗ್ತಿತ್ತೋ ಇಲ್ವೋ ಹೇಳಿ ಮಾವ.”

“ನಿನ್ನ ಹೆಸರು ಬರೆದುಕೊಳ್ತಿದ್ದರು.”

“ಆಮೇಲೆ?”

“ಆಮೇಲೆ ಚಾ ತರಿಸ್ತಿದ್ದರು.”